ಮೇಲ್ದುಟಿಯ ಕೆಳಗಿನ ಬಿಳಿ ಗೆರೆ

ಆಕ್ಲೆಂಡಿನ ನಮ್ಮ ಮನೆಗೆ ತಪಾಸಣೆಗೆ ಬಂದ ನರ್ಸ್, ಹದಿನೈದು ತಿಂಗಳ ಮಗನನ್ನು ನನ್ನ ತೊಡೆಯ ಮೇಲೆ ಅಂಗಾತ ಮಲಗಿಸಿ, ತೋರುಬೆರಳಿನಿಂದ ಮೇಲ್ದುಟಿ ಎತ್ತಿದರು. ಒಸಡಿನ ಅಂಚಿನಲ್ಲಿ ಸುಣ್ಣ ಎಳೆದಂತೆ ಒಂದು ಗೆರೆ. ಹಾಲಿನ ಕೆನೆ ಇರಬೇಕೆಂದು ಒರೆಸಿದೆ, ಹೋಗಲಿಲ್ಲ. ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ, ಬೆಳ್ಳಗೆ ಎಂದು ನನಗೆ ಗೊತ್ತಾದದ್ದು ಅಂದು.

ಆಮೇಲಿನ ಪ್ರಶ್ನೆಗಳೆಲ್ಲ ನನ್ನ ಮೇಲೆಯೇ. ನಿಮ್ಮ ಹಲ್ಲಿನಲ್ಲಿ ಹುಳುಕಿದೆಯೇ? ಮಗುವಿನ ಚಮಚವನ್ನು ನೀವು ಬಾಯಿಗಿಡುತ್ತೀರಾ? ಬಾಟಲಿ ಕಚ್ಚಿಕೊಂಡೇ ಮಲಗುತ್ತಾನೆಯೇ? ಮೂರಕ್ಕೂ ಹೌದು. ಹುಳುಕಿನ ಸೂಕ್ಷ್ಮಜೀವಿಗಳು ಅಮ್ಮನ ಜೊಲ್ಲಿನಿಂದ ಮಗುವಿಗೆ ದಾಟಬಹುದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನವನ್ನು ನಾಲಿಗೆ ಕಾಯುತ್ತದೆ. ಇಲ್ಲಿ ಹದಿನೆಂಟರವರೆಗೆ ಮಕ್ಕಳ ಸಾಮಾನ್ಯ ದಂತ ಚಿಕಿತ್ಸೆ ಉಚಿತ. ಫ್ಲೋರೈಡ್ ಲೇಪ ಹಚ್ಚಿದರು, ರಾತ್ರಿ ಬಾಟಲಿಗೆ ನೀರು ಮಾತ್ರ ಎಂದರು. ಗೆರೆ ಗುಂಡಿಯಾಗಲಿಲ್ಲ.

ಕಳೆದ ವರ್ಷ ಅಮೀನಗಡಕ್ಕೆ ಬಂದಾಗ ತಂಗಿಯ ಎರಡು ವರ್ಷದ ಮಗಳು ಕಟ್ಟೆಯ ಮೇಲೆ ಕುಳಿತು ಕರದಂಟು ಚೀಪುತ್ತಿದ್ದಳು. ಕರಿದ ಅಂಟು, ಬೆಲ್ಲ: ಹಲ್ಲಿಗೆ ಮೆತ್ತಿಕೊಳ್ಳಲೆಂದೇ ಹುಟ್ಟಿದ ತಿಂಡಿ. (ನಾನು ಒಂದು ಕಿಲೋ ತಿಂದೆ, ಅದು ಬೇರೆ ಮಾತು.) ತುಟಿ ಎತ್ತಿದೆ. ಮುಂದಿನ ಎರಡು ಹಲ್ಲಿನ ಬುಡ ಆಗಲೇ ಕಂದು.

"ನೀರಿನ ಕಲೆ ಅಕ್ಕ, ನಮ್ಮ ಕಡೆ ಎಲ್ಲರಿಗೂ ಇರುತ್ತದೆ" ಎಂದಳು ತಂಗಿ. ಹುನಗುಂದದ ಸುತ್ತ ಕೊಳವೆಬಾವಿಯ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್‌ನಿಂದ ಹಳದಿಯಾದ ಹಲ್ಲುಗಳನ್ನು ನೋಡುತ್ತಲೇ ಬೆಳೆದವರು ನಾವು, ಅವಳ ತಪ್ಪೇನಿಲ್ಲ. ಆಕ್ಲೆಂಡಿನಲ್ಲಿ ಹುಳುಕು ತಡೆಯಲೆಂದು ಅದೇ ಫ್ಲೋರೈಡನ್ನು ಲೀಟರಿಗೆ 0.7ರಿಂದ 1 ಮಿಲಿಗ್ರಾಂ ಆಗುವಂತೆ ನಲ್ಲಿ ನೀರಿಗೆ ಬೆರೆಸುತ್ತಾರೆ! ಆದರೆ ನೀರಿನ ಕಲೆ ಹೆಚ್ಚಾಗಿ ಕಾಣುವುದು ಶಾಶ್ವತ ಹಲ್ಲಿನಲ್ಲಿ, ಎಡಬಲ ಜೋಡಿಯಾಗಿ, ಹಲ್ಲಿನ ಉದ್ದಗಲಕ್ಕೆ. ಒಸಡಿಗೆ ಅಂಟಿಕೊಂಡು ಹುಟ್ಟುವುದು ಹುಳುಕು.

"ಹಾಲುಹಲ್ಲು, ಬೀಳುವಂಥವೇ ಅಲ್ಲವೇ?" ಎಂದಳು ಅವ್ವ. ಮುಂದಿನವು ಆರೇಳಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆ ಹಲ್ಲು ಹತ್ತು ಹನ್ನೆರಡರವರೆಗೂ ನಿಲ್ಲಬೇಕು, ಅಲ್ಲಿಯವರೆಗೆ ರೊಟ್ಟಿ ಅಗಿಯಲು ಅದೂ ಬೇಕು. ಮರುದಿನ ಬಾಗಲಕೋಟೆಯ ದಂತವೈದ್ಯರ ಬಳಿ ಹೋದೆವು. ಪೇಸ್ಟಿನಲ್ಲೂ ಫ್ಲೋರೈಡ್ ಇರುವುದರಿಂದ ನಮ್ಮ ನೀರನ್ನು ಪರೀಕ್ಷಿಸಿಯೇ ಯಾವ ಪೇಸ್ಟ್ ಎಂದು ಹೇಳುತ್ತೇನೆ ಎಂದರು, ಒಳ್ಳೆಯ ವೈದ್ಯರು.

ಈಗ ಪ್ರತಿ ಭಾನುವಾರ ತಂಗಿ ವಿಡಿಯೊ ಕರೆಯಲ್ಲಿ ಮಗಳ ತುಟಿ ಎತ್ತಿ ತೋರಿಸುತ್ತಾಳೆ. ಅರ್ಧ ಸಲ ನನಗೆ ಕಾಣುವುದು ಮೂಗಿನ ಹೊಳ್ಳೆ.