ಬಾಯಿತಪ್ಪಿದ ಮಾತು

ಇಂದು ಸಭೆ ಆರಂಭಿಸುತ್ತ ‘ಎಲ್ಲರಿಗೂ ಸ್ವಾಗತ’ ಎನ್ನಬೇಕಾದವನು ‘ಎಲ್ಲರಿಗೂ ಧನ್ಯವಾದ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು.

1901ರಲ್ಲೇ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಇಂಥದೊಂದು ಪ್ರಸಂಗ ಬರೆದಿದ್ದಾನೆ. ಆಸ್ಟ್ರಿಯಾ ಸಂಸತ್ತಿನ ಕೆಳಮನೆಯ ಅಧ್ಯಕ್ಷ ಕಲಾಪ ಆರಂಭಿಸಲು ಎದ್ದು, ‘ಮುಕ್ತಾಯವಾಯಿತು’ ಎಂದು ಘೋಷಿಸಿದನಂತೆ! ಕಲಾಪ ಬೇಗ ಮುಗಿದರೆ ಸಾಕೆಂಬ ಒಳಗಿನ ಆಸೆಯೇ ನಾಲಿಗೆಗೆ ಬಂತು ಎನ್ನುವುದು ಫ್ರಾಯ್ಡ್‌ನ ವಾದ. ಪ್ರತಿ ತಪ್ಪಿಗೂ ಅರ್ಥ ಹುಡುಕುವ ಅವನ ಚಟ ನನಗೆ ಅತಿ ಎನಿಸುತ್ತದೆ; ಎಷ್ಟೋ ಸಲ ನಾಲಿಗೆ ಬರೀ ದಣಿದಿರುತ್ತದೆ.

ಆದರೆ ಮೂರು ದಿನದಿಂದ ಒಬ್ಬ ಗೆಳೆಯನಿಗೆ ಉತ್ತರಿಸಲು ‘ಮರೆಯುತ್ತಲೇ’ ಇದ್ದೇನೆ. ಮೊಬೈಲಿನಲ್ಲಿ ಅವನ ಹೆಸರು ಕಂಡೊಡನೆ ಹೆಬ್ಬೆರಳು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಅಂದ ಹಾಗೆ, ಸಾಲ ತೀರಿಸಬೇಕಾದವನು ನಾನು.