ಊರಿಂದ ಊರಿಗೆ ದಾರಿ ಖರ್ಚು ಎಷ್ಟು?

ಡೈಸ್ ಉರುಳಿಸಿ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳ ಹುಚ್ಚು ನನಗಿದೆ ಅಂತ ಗೊತ್ತಾದವರು ಬೇಗನೋ ತಡವಾಗಿಯೋ ಈ ಪ್ರಶ್ನೆಗೆ ಬಂದೇ ಬರುತ್ತಾರೆ. "ಒಂದು ಪುಟ್ಟ ಊರು ಇರಬೇಕು. ಬೇಲಿ ದಾಟಿದರೆ ಕಾಡು, ಹಾಳು ಕೋಟೆ, ರಾಕ್ಷಸರು. ಎರಡು ದಿನ ನಡೆದರೆ ಇನ್ನೊಂದು ಊರು ಸಿಕ್ಕರೂ ಸಿಗಬಹುದು. ಅಂಥ ಲೋಕ ಯಾವುದಿದೆ? ಯಾವ ಪುಸ್ತಕ ತಗೊಳ್ಳಲಿ?"

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಒಬ್ಬರು ಆಟ ನಡೆಸುತ್ತಾರೆ. ಲೋಕ, ಹವೆ, ಶತ್ರು ಎಲ್ಲ ಅವರ ಕೈಯಲ್ಲಿ. ಉಳಿದವರು ತಲೆಗೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡ್ತೀನಿ" ಅನ್ನುತ್ತಾರೆ. ಆಗುತ್ತೋ ಇಲ್ವೋ ಅಂತ ಡೈಸ್ ಹೇಳುತ್ತದೆ.

ಪುಸ್ತಕದ ಹೆಸರು ಹೇಳುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಆಟದಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋದರೆ ಏನು ಖರ್ಚಾಗುತ್ತದೆ?

ಚೌಕಾಬಾರ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಐದೈದರ ಮಣೆಯಲ್ಲಿ ಅಡ್ಡಗೆರೆ ಎಳೆದ ಮನೆಗಳು ಕೆಲವೇ. ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ಉಳಿದ ಮನೆಗಳಲ್ಲಿ ಯಾವಾಗ ಬೇಕಾದರೂ ಕಡಿಸಿಕೊಂಡು ಮತ್ತೆ ಮೊದಲಿಂದ ಬರಬೇಕು. ಆಟದ ಮಜಾ ಇರೋದು ಅಡ್ಡಗೆರೆಯ ಮನೆಯಲ್ಲಿ ಅಲ್ಲ, ಎರಡು ಅಡ್ಡಗೆರೆಗಳ ನಡುವೆ ಕಾಯಿ ಬಯಲಿನಲ್ಲಿ ಕೂತಿರುವಾಗ. ಎಲ್ಲ ಮನೆಗೂ ಅಡ್ಡಗೆರೆ ಎಳೆದರೆ ಆಟವೇ ಇಲ್ಲ. ಒಂದಕ್ಕೂ ಎಳೆಯದಿದ್ದರೆ ಯಾರೂ ಮನೆ ಮುಟ್ಟುವುದಿಲ್ಲ.

ನಾನು ಈ ಎರಡೂ ತಪ್ಪು ಮಾಡಿದ್ದೇನೆ. ಮೊದಲ ಸಲ ಫರ್ಗಾಟನ್ ರೆಲ್ಮ್ಸ್ ಹಿಡಿದೆ. 1987ರಲ್ಲಿ ಪುಸ್ತಕ, ಮ್ಯಾಪ್‌ಗಳ ಪೆಟ್ಟಿಗೆಯಾಗಿ ಬಂದ ಸಿದ್ಧ ಲೋಕ ಅದು. ಅಲ್ಲಿಂದೀಚೆಗೆ ಅದಕ್ಕೆ ಸೇರಿದ ಊರು, ದೇವರು, ಗುಪ್ತ ಸಂಘಗಳಿಗೆ ಲೆಕ್ಕವೇ ಇಲ್ಲ. ವಾಟರ್‌ಡೀಪ್ ಎಂಬ ಮಹಾನಗರದಲ್ಲಿ ಕಥೆ ಶುರು ಮಾಡಿದೆ. ನಾಲ್ಕು ಭಾನುವಾರ ಕಳೆದರೂ ಗೆಳೆಯರು ನಗರದ ಬಾಗಿಲು ದಾಟಲಿಲ್ಲ. ಒಬ್ಬನಂತೂ ಅಲ್ಲೇ ಹೋಟೆಲ್ ಹಾಕುವ ಲೆಕ್ಕಾಚಾರಕ್ಕೆ ಕೂತ. ಊಟ, ಹಾಸಿಗೆ, ಜಗಳ, ಗಾಸಿಪ್ ಎಲ್ಲ ಅಲ್ಲೇ ಸಿಗುವಾಗ ಕಾಡಿಗೆ ಯಾಕೆ ಹೋಗಬೇಕು ಹೇಳಿ.

ಎರಡನೇ ಸಲ ರೋಷಕ್ಕೆ ಬಿದ್ದು ನನ್ನದೇ ಲೋಕ ಮಾಡಿದೆ. ಒಂದೇ ಹಳ್ಳಿ, ಸುತ್ತ ಹೆಜ್ಜೆಗೊಂದು ಸಾವು. ಮೊದಲ ರಾತ್ರಿಯೇ ಇಬ್ಬರು ಹೋದರು. ಉಳಿದವರು ಹಳ್ಳಿಗೆ ಓಡಿಬಂದು, "ನಾವು ಇಲ್ಲೇ ಹೊಲ ಮಾಡ್ಕೊಂಡು ಇರ್ತೀವಿ ಬಿಡು" ಅಂದರು. ಅದೂ ನ್ಯಾಯವಾದ ಮಾತೇ.

ಈಗ ಪುಸ್ತಕಗಳಿಗೆ ಬರೋಣ. ಆದರೆ ಅದಕ್ಕೂ ಮೊದಲು ಒಂದು ಎಚ್ಚರಿಕೆ. ಜಾಸ್ತಿ ಜನ ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಡಿ ಅಂಡ್ ಡಿ ಆಟದ ಐದನೇ ಆವೃತ್ತಿ. ಅದರ 2014ರ ನಿಯಮಗಳು ಕಾಡನ್ನು ಸದ್ದಿಲ್ಲದೆ ಅಳಿಸಿಹಾಕುತ್ತವೆ. ಗುಡ್‌ಬೆರಿ ಎಂಬ ಮೊದಲ ಹಂತದ ಮಂತ್ರ ಹತ್ತು ಹಣ್ಣು ಕೊಡುತ್ತದೆ. ಒಂದು ಹಣ್ಣು ತಿಂದರೆ ಒಂದು ದಿನದ ಊಟ ಮುಗಿಯಿತು. ಔಟ್‌ಲ್ಯಾಂಡರ್, ಅಂದರೆ ಊರಾಚೆ ಕಾಡುಮೇಡಿನಲ್ಲಿ ಬೆಳೆದ ಹಿನ್ನೆಲೆಯ ಪಾತ್ರ ಗುಂಪಿನಲ್ಲಿದ್ದರೆ, ನೆಲ ಪೂರ್ತಿ ಬಂಜರಾಗಿಲ್ಲದಿದ್ದರೆ ಸಾಕು, ತನ್ನ ಜೊತೆ ಇನ್ನೂ ಐದು ಜನಕ್ಕೆ ದಿನಾ ಅನ್ನ ನೀರು ಹುಡುಕಿ ತರುತ್ತದೆ. ಡೈಸ್ ಕೂಡ ಬೇಡ. ಮೂರನೇ ಹಂತದ ಮಂತ್ರವೊಂದು ಎಂಟು ಗಂಟೆ ಯಾರೂ ಒಳಗೆ ನುಗ್ಗಲಾಗದ ಗುಡಾರ ಹಾಕಿಕೊಡುತ್ತದೆ. ಅದರೊಳಗೆ ಒಂದು ನಿದ್ದೆ ತೆಗೆದರೆ ಏಟು ತಿಂದು ಕಳೆದುಕೊಂಡ ಪ್ರಾಣಶಕ್ತಿಯೆಲ್ಲ ವಾಪಸ್. ಅಂದರೆ ಹೋದಲ್ಲೆಲ್ಲ ಅಡ್ಡಗೆರೆ ಎಳೆದುಕೊಂಡ ಹಾಗಾಯಿತು. ಇನ್ನು ಊರಿನ ಬೆಲೆ ಏನು ಉಳಿಯಿತು?

ಇದಕ್ಕೆ ಮದ್ದು ಅದೇ ಆಟದಲ್ಲಿದೆ. ಆಟ ನಡೆಸುವವರ ಪುಸ್ತಕದಲ್ಲಿ ಒಂದು ಐಚ್ಛಿಕ ನಿಯಮ ಕೊಟ್ಟಿದ್ದಾರೆ. ಅದರ ಪ್ರಕಾರ ರಾತ್ರಿಯ ಎಂಟು ಗಂಟೆ ನಿದ್ದೆ ಸಣ್ಣ ವಿಶ್ರಾಂತಿ ಮಾತ್ರ. ಪ್ರಾಣಶಕ್ತಿಯೆಲ್ಲ ವಾಪಸ್ ಕೊಡುವ ದೊಡ್ಡ ವಿಶ್ರಾಂತಿಗೆ ಏಳು ದಿನ ಬೇಕು. ನಾನು ಅದಕ್ಕೆ ಒಂದು ಸಾಲು ಸೇರಿಸಿದ್ದೇನೆ: ಆ ಏಳು ದಿನ ಊರೊಳಗೇ ಆಗಬೇಕು. ಇಷ್ಟೇ ಬದಲಾವಣೆ. ಮಾರನೇ ವಾರದಿಂದ ನಮ್ಮವರು ದೂರದಲ್ಲಿ ದೀಪ ಕಂಡರೆ ನಿಜವಾಗಿ ಖುಷಿಪಡಲು ಶುರು ಮಾಡಿದರು.

ಈ ಬಗೆಯ ಲೋಕ ಹೊಸದೇನಲ್ಲ. 1974ರಲ್ಲಿ ಮೊದಲ ಡಿ ಅಂಡ್ ಡಿ ಬಂದಾಗ, ಕಾಡಿನ ಪಯಣಕ್ಕೆ ಔಟ್‌ಡೋರ್ ಸರ್ವೈವಲ್ ಎಂಬ ಬೇರೆಯದೇ ಆಟದ ಮಣೆ ತಂದಿಟ್ಟುಕೊಳ್ಳಿ ಅಂತ ಹೇಳಿತ್ತು. ಅದು 1972ರ ಆಟ. ಆರು ಮೂಲೆಯ ಮನೆಗಳ ಮ್ಯಾಪ್. ನೀರು, ಅನ್ನ ಸಿಗದೆ ಸಾಯುವುದೇ ಅದರ ವಿಷಯ. ಆಮೇಲೆ 1980ರ ಆಸುಪಾಸಿನಲ್ಲಿ ಹೊಸಬರಿಗಾಗಿ ಮಾಡಿದ ಡಿ ಅಂಡ್ ಡಿ ಬೇಸಿಕ್ ಪೆಟ್ಟಿಗೆಯ ಜೊತೆಗೇ, ಆ ಆಟ ಹುಟ್ಟುಹಾಕಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಒಂದು ತೆಳು ಪುಸ್ತಕ ಬರುತ್ತಿತ್ತು, ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್. ಗಡಿಯ ಒಂದು ಕೋಟೆ. ಅದರೊಳಗೆ ಅಂಗಡಿ, ಛತ್ರ, ಗುಡಿ, ಸಾಲ ಕೊಡುವವನು. ಹೊರಗೆ ಕಾಡು, ಅದರಲ್ಲೊಂದು ಗವಿಗಳ ಕಣಿವೆ. ಕೋಟೆಯ ಜನರಿಗೆ ಹೆಸರುಗಳನ್ನೂ ಇಟ್ಟಿರಲಿಲ್ಲ ಪುಣ್ಯಾತ್ಮ. ನೀವೇ ಇಟ್ಟುಕೊಳ್ಳಬೇಕು. ನನಗೆ ಅದು ಕೊರತೆ ಅನ್ನಿಸುವುದಿಲ್ಲ. ನಾವೇ ಹೆಸರಿಟ್ಟವರನ್ನು ನಾವು ಮರೆಯುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ನೆಂಟಿರ್ ವೇಲ್. 2008ರಲ್ಲಿ ಬಂದ ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿಯಲ್ಲಿ, ಆಟ ನಡೆಸುವವರ ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಕಣಿವೆ ಅದು. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ದೀಪ ಅನ್ನುವುದು ಆ ಆವೃತ್ತಿಯವರು ಬೇಕಂತಲೇ ಹಿಡಿದ ದಾರಿ. ನೆರಾತ್ ಎಂಬ ಸಾಮ್ರಾಜ್ಯ ಮುರಿದುಬಿದ್ದಿದೆ. ಜಲಪಾತದ ಪಕ್ಕ ಫಾಲ್‌ಕ್ರೆಸ್ಟ್ ಎಂಬ ಸಣ್ಣ ಪಟ್ಟಣ ಉಳಿದಿದೆ. ಪಶ್ಚಿಮಕ್ಕೆ ವಿಂಟರ್‌ಹೇವನ್ ಎಂಬ ಹಳ್ಳಿ, ಇನ್ನೊಂದು ಕಡೆ ಕುಳ್ಳರ ಹ್ಯಾಮರ್‌ಫಾಸ್ಟ್. ನಡುವಿನ ರಸ್ತೆಗಳನ್ನು ಕಾಯಲು ಈಗ ಯಾವ ರಾಜನೂ ಇಲ್ಲ. ಇಡೀ ಕಣಿವೆಯ ವಿವರ ಕೆಲವೇ ಪುಟ. ಒಂದು ಸಂಜೆ ಕೂತರೆ ಓದಿ ಮುಗಿಯುತ್ತದೆ. ನಿಯಮಗಳು ಇಷ್ಟವಾಗದಿದ್ದರೆ ಬಿಡಿ, ಮ್ಯಾಪ್ ಮಾತ್ರ ಎತ್ತಿಕೊಳ್ಳಿ. ನಾನು ಮಾಡಿದ್ದೂ ಅದನ್ನೇ.

ಒಂದಷ್ಟು ಆಡಿ ಪಳಗಿದವರಿಗೆ ನನ್ನ ಉತ್ತರ ಬೇರೆ. ಸ್ವೀಡನ್ನಿನ ಫ್ರೀ ಲೀಗ್ ಸಂಸ್ಥೆಯ ಫರ್ಬಿಡನ್ ಲ್ಯಾಂಡ್ಸ್, 2018. ನಾನು ತೂಗಿನೋಡಿದವುಗಳಲ್ಲಿ ಇದರ ತಟ್ಟೆಯೇ ಕೆಳಗೆ ಬಂತು. ಅದರ ಕಥೆ ಕೇಳಿ. ತಲೆಮಾರುಗಳ ಕಾಲ ರಾತ್ರಿಯಾದರೆ ಒಂದು ರಕ್ತಮಂಜು ಏಳುತ್ತಿತ್ತು. ಕತ್ತಲಾದ ಮೇಲೆ ಹೊರಗಿದ್ದವರು ಉಳಿಯುತ್ತಿರಲಿಲ್ಲ. ಹಾಗಾಗಿ ಒಂದು ಹಗಲಿನಲ್ಲಿ ಹೋಗಿಬರುವಷ್ಟು ದೂರವೇ ಜನರ ಪ್ರಪಂಚ. ಈಗ ಇದ್ದಕ್ಕಿದ್ದ ಹಾಗೆ ಮಂಜು ಹೋಗಿದೆ. ಬೆಟ್ಟದಾಚೆ ಏನಿದೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ನೋಡಿ, ಊರುಗಳು ಯಾಕೆ ಚದುರಿವೆ, ಪಕ್ಕದೂರಿನ ಬಗ್ಗೆ ಯಾಕೆ ಬರೀ ಕಟ್ಟುಕಥೆ ಇದೆ ಅನ್ನುವುದಕ್ಕೆ ಒಂದೇ ಏಟಿಗೆ ಉತ್ತರ ಸಿಕ್ಕಿತು. ಎಷ್ಟೋ ಲೋಕಗಳಲ್ಲಿ ಈ ಕಾರಣವೇ ಇರುವುದಿಲ್ಲ. ಸುಮ್ನೆ ಕಾಡು ಇರುತ್ತದೆ, ಅದರ ಮಧ್ಯೆ ಗೋಧಿ ಮಾರುವ ಊರು ಇರುತ್ತದೆ. ಗೋಧಿ ಎಲ್ಲಿ ಬೆಳೆಯಿತು ಅಂತ ಕೇಳಬಾರದು.

ದಾರಿಖರ್ಚಿನ ಲೆಕ್ಕವೂ ಇದರಲ್ಲಿ ಚೆನ್ನಾಗಿದೆ. ದಿನವನ್ನು ನಾಲ್ಕು ಪಾಲು ಮಾಡಿದ್ದಾರೆ. ಒಂದೊಂದು ಪಾಲಿನಲ್ಲೂ ನಡೆಯುವುದೋ, ಬೇಟೆಯೋ, ನಿದ್ದೆಯೋ ಆರಿಸಬೇಕು. ಹಸಿವು, ಬಾಯಾರಿಕೆ, ಚಳಿ, ನಿದ್ದೆಗೇಡು ನಾಲ್ಕಕ್ಕೂ ಬೇರೆ ಬೇರೆ ಶಿಕ್ಷೆ. ಆದರೆ ರೊಟ್ಟಿ ಎಣಿಸುವ ಗುಮಾಸ್ತಗಿರಿ ಇಲ್ಲ. ಊಟಕ್ಕೊಂದು ಡೈಸ್, ನೀರಿಗೊಂದು ಡೈಸ್. ಬಳಸಿದಾಗ ಉರುಳಿಸಬೇಕು. ಒಂದೋ ಎರಡೋ ಬಿದ್ದರೆ ಡೈಸ್ ಒಂದು ಮೆಟ್ಟಿಲು ಸಣ್ಣದಾಗುತ್ತದೆ, ಅಂದರೆ ಮುಖಗಳು ಕಡಿಮೆಯಿರುವ ಡೈಸ್ ಹಿಡಿಯಬೇಕು. ಆರು ಮುಖದ್ದಕ್ಕೆ ಇಳಿದಮೇಲೆ ಮತ್ತೆ ಬಿದ್ದರೆ ಚೀಲ ಖಾಲಿ. ಕೊನೆಗೆ ಯಾವುದೋ ಹಾಳು ಕೋಟೆ ಗೆದ್ದುಕೊಂಡು, ರಿಪೇರಿ ಮಾಡಿ, ಆಟಗಾರರೇ ಹೊಸದೊಂದು ನೆಲೆ ಕಟ್ಟಬಹುದು. ಪೆಟ್ಟಿಗೆಯಲ್ಲಿ ಮ್ಯಾಪ್ ಮೇಲೆ ಅಂಟಿಸುವ ಸ್ಟಿಕ್ಕರ್‌ಗಳೂ ಇವೆ. ನಲವತ್ತು ದಾಟಿದ ಗೆಳೆಯರು ಸ್ಟಿಕ್ಕರ್‌ಗೆ ಜಗಳವಾಡುವುದನ್ನು ನೋಡಬೇಕು ನೀವು.

ಕಾಡೇ ಕಥೆಯ ನಡುಮನೆಯಲ್ಲಿ ಕೂರಬೇಕು ಅನ್ನುವವರಿಗೆ ಸಿಂಬರೂಮ್ ಇದೆ. ಇದೂ ಸ್ವೀಡನ್ನಿನದೇ. ಡಾವೊಕಾರ್ ಎಂಬ ದೊಡ್ಡ ಕಾಡು, ಅದರ ಅಂಚಿಗೆ ನಿಧಿ ಹುಡುಕುವವರ ಥಿಸಲ್ ಹೋಲ್ಡ್ ಪಟ್ಟಣ. ಕಾಡಿನೊಳಗೆ ಹೋಗಲು ಸರ್ಕಾರಿ ಪರವಾನಗಿ ಬೇಕು! ಒಳಗಿನ ಕೊಳಕು ಶಕ್ತಿ ಮೈಗೆ ಹತ್ತಿದರೆ ಮನುಷ್ಯರೇ ರಾಕ್ಷಸರಾಗಬಹುದು. ಚೆನ್ನಾಗಿದೆ, ಆದರೆ ಮನಸ್ಸಿಗೆ ಭಾರ. ಮಕ್ಕಳ ಜೊತೆ ಆಡುವುದಾದರೆ ಬೇಡ.

ಡಾರ್ಕ್ ಸನ್ ಬಗ್ಗೆಯೂ ಕೇಳುತ್ತಾರೆ. 1991ರಲ್ಲಿ ಬಂದ ಡಿ ಅಂಡ್ ಡಿ ಲೋಕ. ಮರಳುಗಾಡು, ಮಾಂತ್ರಿಕ ರಾಜರು ಆಳುವ ಏಳು ನಗರಗಳು, ಕಬ್ಬಿಣ ಅಪರೂಪ, ಮೂಳೆಯ ಕತ್ತಿ, ಸುಟ್ಟ ಮಣ್ಣಿನ ನಾಣ್ಯ. ನೀರಿನ ಒಂದೊಂದು ಗುಟುಕೂ ಲೆಕ್ಕ. ನನಗೆ ತುಂಬಾ ಇಷ್ಟ. ಆದರೆ ಅಲ್ಲಿ ನಗರವೇ ಅತಿ ದೊಡ್ಡ ಅಪಾಯ, ಗುಲಾಮರ ಸಂತೆ ಅದು. ದಣಿದು ಬಂದವರಿಗೆ ನೆಮ್ಮದಿ ಕೊಡುವ ಊರು ನಿಮಗೆ ಬೇಕಿದ್ದರೆ ಅಲ್ಲಿ ಸಿಗುವುದಿಲ್ಲ.

ದುಡ್ಡು ಖರ್ಚು ಮಾಡದೆ ಆಗುವ ದಾರಿಯೂ ಒಂದಿದೆ. ಬೆನ್ ರಾಬಿನ್ಸ್ ಎಂಬಾತ 2007ರಲ್ಲಿ ವೆಸ್ಟ್ ಮಾರ್ಚಸ್ ಅಂತ ತಾನು ನಡೆಸಿದ ಆಟದ ಬಗ್ಗೆ ಬರೆದ. ಗಡಿಯಲ್ಲಿ ಒಂದೇ ಒಂದು ಊರು, ಅದು ಪೂರ್ತಿ ಸುರಕ್ಷಿತ, ಅದರೊಳಗೆ ಸಾಹಸವೇ ಇಲ್ಲ. ಯಾವ ದಿನ, ಯಾರ್‍ಯಾರು, ಯಾವ ಕಡೆ ಹೋಗೋದು ಅಂತ ಆಟಗಾರರೇ ಮಾತಾಡಿಕೊಂಡು ಬರಬೇಕು. ಊರಿಂದ ದೂರ ಹೋದಷ್ಟೂ ಅಪಾಯ ಜಾಸ್ತಿ. ನನ್ನ ಎರಡನೇ ತಪ್ಪಿಗೆ ಔಷಧ ಸಿಕ್ಕಿದ್ದು ಈ ಕೊನೆಯ ಸಾಲಿನಲ್ಲಿ. ಅಪಾಯ ಎಷ್ಟಿದೆ ಅನ್ನುವುದಕ್ಕಿಂತ, ಎಷ್ಟಿರಬಹುದು ಅಂತ ಮೊದಲೇ ಊಹಿಸಲು ಆಗುತ್ತದಾ ಅನ್ನುವುದು ಮುಖ್ಯ. ಊಹಿಸಲು ಆದರೆ ಜನ ಧೈರ್ಯ ಮಾಡುತ್ತಾರೆ. ಆಗದಿದ್ದರೆ ಹೊಲ ಮಾಡಿಕೊಂಡಿರುತ್ತಾರೆ.

ಊಹಿಸಲು ಅನುಕೂಲವಾಗಲಿ ಅಂತ ನಮ್ಮ ಟೇಬಲ್ಲಿನಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ದಾರಿಯಲ್ಲಿ ಪಾತ್ರ ಸತ್ತರೆ ಮ್ಯಾಪ್‌ನ ಆ ಮನೆಯಲ್ಲಿ ಒಂದು ವೀರಗಲ್ಲು ಬರೆಯುತ್ತೇವೆ. ಯಾರು, ಯಾವುದರ ಜೊತೆ ಹೋರಾಡಿ ಸತ್ತರು ಅಂತ ಎರಡು ಸಾಲು. ಇದು ಹೊಳೆದದ್ದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲಿನ ಮುಂದೆ. 10ನೇ ಶತಮಾನದ್ದು. ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತದ್ದಕ್ಕೆ ನಿಲ್ಲಿಸಿದ ನೆನಪು. ಆ ದಾರಿಯಲ್ಲಿ ಮುಂದೆ ಬಂದವರಿಗೆ ಇಲ್ಲಿ ಹಂದಿ ಇರುತ್ತೆ ಅಂತಲೂ ಗೊತ್ತಾಗಿರಬೇಕಲ್ವಾ ಅಂತ ನನ್ನ ತಲೆಗೆ ಬಂತು. ಈಗ ನಮ್ಮ ಮ್ಯಾಪ್‌ನಲ್ಲಿ ಒಂಬತ್ತು ಕಲ್ಲುಗಳಿವೆ. ಉತ್ತರದ ಜೌಗಿನಲ್ಲೇ ನಾಲ್ಕು. ಹೊಸದಾಗಿ ಬಂದವರು ಮೊದಲು ನೋಡುವುದೇ ಅದನ್ನು.

ಕನ್ನಡದಲ್ಲಿ ಆಡಬಹುದಾ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಆಡುವುದೇ ಕನ್ನಡದಲ್ಲಿ. ನಿಯಮದ ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ, ಅದರಿಂದ ಏನೂ ತೊಂದರೆ ಇಲ್ಲ. ಬದಲಾದದ್ದು ಸಣ್ಣ ಸಣ್ಣ ಮಾತುಗಳು. ಮೊದಲೆಲ್ಲ "ರೇಷನ್ ಎಷ್ಟಿದೆ?" ಅಂತ ಕೇಳುತ್ತಿದ್ದೆ. ಹಾಳೆ ನೋಡಿ "ಐದು" ಅನ್ನುತ್ತಿದ್ದರು, ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಈಗ "ಬುತ್ತಿ ಎಷ್ಟಿದೆ?" ಅಂತ ಕೇಳುತ್ತೇನೆ. ಹೋದ ತಿಂಗಳು ಜೌಗಿನ ಮಧ್ಯೆ, ಊರು ಇನ್ನೂ ಎರಡು ದಿನ ದೂರ ಇರುವಾಗ, ಒಬ್ಬ ಡೈಸ್ ಉರುಳಿಸಿ ನೋಡಿ ತಲೆ ಎತ್ತದೆ ಹೇಳಿದ, "ಬುತ್ತಿ ಮುಗೀತು ಕಣ್ರೋ." ಪಕ್ಕದವನು ಏನೂ ಮಾತಾಡದೆ ತನ್ನ ಡೈಸನ್ನು ಟೇಬಲ್ ಮಧ್ಯಕ್ಕೆ ಸರಿಸಿದ.