ಒಂದೇ ಹೆಸರಿನ ಹಲವು ಸಮಾಧಿಗಳು: ಇಗರ್ಜಿಯ ಸಿಮೆಸ್ತ್ರಿಯ ದಾಖಲಾತಿ ಮಾಡುವಾಗ ಕಲಿತದ್ದು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳೆಯ ಇಗರ್ಜಿಗಳ, ಅಂದರೆ ಚರ್ಚುಗಳ, ಕಚೇರಿಗೆ ಬರುವ ಕೋರಿಕೆಗಳಲ್ಲಿ ಒಂದು ಬಗೆಯವು ಬಹುತೇಕ ಒಂದೇ ಅಚ್ಚಿನಲ್ಲಿರುತ್ತವೆ. ಎರಡು ಮೂರು ತಲೆಮಾರುಗಳ ಹಿಂದೆ ಮುಂಬಯಿಗೋ ಚಿಕ್ಕಮಗಳೂರಿನ ಕಾಫಿ ತೋಟಗಳಿಗೋ ಹೋಗಿ, ಅಲ್ಲಿಂದ ಗಲ್ಫ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹರಡಿಕೊಂಡ ಕುಟುಂಬದವರು ತಮ್ಮ ಮುತ್ತಜ್ಜನ ಹೆಸರನ್ನೂ ಅಂದಾಜಿನ ಒಂದು ಇಸವಿಯನ್ನೂ ಬರೆದು, ಅವರ ಸಮಾಧಿ ಎಲ್ಲಿದೆ, ಕಲ್ಲಿನ ಮೇಲೆ ಏನಿದೆ, ಒಂದು ಚಿತ್ರ ಕಳುಹಿಸಲಾದೀತೇ ಎಂದು ಕೇಳುತ್ತಾರೆ. ಅಂಥ ಒಂದು ಕಚೇರಿಯಲ್ಲಿ ದಾಖಲೆ ಪುಸ್ತಕಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಿಮೆಸ್ತ್ರಿಯ, ಅಂದರೆ ಇಗರ್ಜಿಯ ಸ್ಮಶಾನದ, ಪ್ರತಿಯೊಂದು ಕಲ್ಲನ್ನೂ ಓದಿ, ಚಿತ್ರ ತೆಗೆದು, ಮರಣ ಪುಸ್ತಕದೊಡನೆ ಹೊಂದಿಸಿ ಪಟ್ಟಿ ಮಾಡುವ ಹೊಣೆಯನ್ನು ಧರ್ಮಗುರುಗಳು ನನಗೆ ಒಪ್ಪಿಸಿದರು. ಬೇರೆ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಇದೇ ಕೆಲಸಕ್ಕೆ ಕೈಹಾಕುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸಿಮೆಸ್ತ್ರಿಗಳಲ್ಲಿ ಮಲಗಿರುವವರು ಯಾರೆಂದು ತಿಳಿಯಲು ಕಲ್ಲಿನ ಮೇಲಿನ ಹೆಸರಿಗಿಂತ ಕಲ್ಲು ನಿಂತಿರುವ ಜಾಗ ಹೆಚ್ಚು ನೆರವಾಗುತ್ತದೆ.

ಇದಕ್ಕೆ ಕಾರಣ ನಮ್ಮ ನಾಮಕರಣದ ಪದ್ಧತಿಯಲ್ಲಿದೆ. ಮಂಗಳೂರು ಕ್ಯಾಥೊಲಿಕರಲ್ಲಿ ಚೊಚ್ಚಲು ಗಂಡುಮಗುವಿಗೆ ತಂದೆಯ ತಂದೆಯ ಹೆಸರನ್ನೂ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರನ್ನೂ ಇಟ್ಟು, ಅನಂತರದ ಮಕ್ಕಳಿಗೆ ತಾಯಿಯ ಕಡೆಯ ಅಜ್ಜ ಅಜ್ಜಿಯರ ಹೆಸರುಗಳನ್ನು ಇಡುವ ರೂಢಿ ಬಹುಕಾಲ ನಡೆದುಬಂದಿತು. ಹೀಗಾಗಿ ಒಬ್ಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ, ಆ ನಾಲ್ವರ ಹಿರಿಯ ಮಕ್ಕಳಿಗೂ ಒಂದೇ ಹೆಸರು, ಒಂದೇ ಉಪನಾಮ, ವಯಸ್ಸಿನಲ್ಲಿಯೂ ಹೆಚ್ಚು ಅಂತರವಿಲ್ಲ. ಉಪನಾಮಗಳಾದರೂ ಎಷ್ಟಿವೆ? ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್, ರೊಡ್ರಿಗಸ್, ಸಿಕ್ವೇರಾ, ಮಸ್ಕರೇನ್ಹಸ್ ಎಂದು ಎಣಿಸುತ್ತ ಹೋದರೆ ಒಂದು ಧರ್ಮಕೇಂದ್ರದ ಬಹುಪಾಲು ಮನೆಗಳು ಹತ್ತಿಪ್ಪತ್ತು ಹೆಸರುಗಳೊಳಗೆ ಮುಗಿದುಹೋಗುತ್ತವೆ. ಒಂದೇ ಹೆಸರು ಹಲವು ವೇಷಗಳಲ್ಲಿ ಬರುವುದೂ ಉಂಟು. ಬಾಪ್ತಿಸ್ಮದ ಪುಸ್ತಕದಲ್ಲಿ ಲ್ಯಾಟಿನ್ನಿನ ಜೊವಾನ್ನೆಸ್ ಆಗಿದ್ದವನು ಊರಿನಲ್ಲಿ ಜುವಾಂವ್ ಆಗಿ, ಮುಂಬಯಿಯ ನೌಕರಿಯಲ್ಲಿ ಜಾನ್ ಆಗಿ, ಕಲ್ಲಿನ ಮೇಲೆ ಈ ಮೂರರಲ್ಲಿ ಯಾವುದಾದರೂ ಒಂದಾಗಿರಬಹುದು. ಉಪನಾಮದ ಕಾಗುಣಿತ ಕೆತ್ತುವವನ ಕೈಗೆ ಬಂದಂತೆ. ಕೆಲವು ಮನೆತನಗಳು ಮತಾಂತರಕ್ಕೆ ಮುಂಚಿನ ಪ್ರಭು, ಕಾಮತ್, ಶೆಣೈ ಮೊದಲಾದ ಹೆಸರುಗಳನ್ನು ನೆನಪಿಟ್ಟುಕೊಂಡು ಪೋರ್ಚುಗೀಸ್ ಉಪನಾಮದ ಜೊತೆಗೆ ಸೇರಿಸಿಕೊಂಡಿರುವುದರಿಂದ, ಅಣ್ಣನ ಕಲ್ಲಿನ ಮೇಲೆ ಒಂದು ಉಪನಾಮ, ತಮ್ಮನ ಕಲ್ಲಿನ ಮೇಲೆ ಎರಡು ಎಂಬ ಪರಿಸ್ಥಿತಿಯೂ ಇದೆ.

ಊರಿನ ಜನರು ಈ ತೊಡಕನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಅವರ ಮಾತಿನಲ್ಲಿ ಉಪನಾಮ ಬರುವುದೇ ಅಪರೂಪ. ಬೈಲಿನ ಮನೆಯವರು, ಗುಡ್ಡೆಯ ಮೇಲಿನವರು, ಹೊಳೆಬದಿಯವರು ಎಂದು ಮನೆಯ ಹೆಸರಿನಿಂದಲೋ, ಇಂಥ ವಾಡೊದ (ಧರ್ಮಕೇಂದ್ರದ ವಾರ್ಡಿನ) ಗುರ್ಕಾರರ, ಅಂದರೆ ಮುಖಂಡರ, ಮಗ ಎಂದೋ ಗುರುತಿಸುತ್ತಾರೆ. ಆದರೆ ಅಕ್ಷರಕ್ಕಿಷ್ಟು ಎಂದು ಕೂಲಿ ಕೊಟ್ಟು ಕೆತ್ತಿಸುವ ಕಲ್ಲಿನ ಮೇಲೆ ಮನೆಯ ಹೆಸರು ಹಾಕಿಸಬೇಕೆಂದು ಯಾರಿಗೂ ತೋಚುವುದಿಲ್ಲ, ಏಕೆಂದರೆ ಕೆತ್ತಿಸುವ ದಿನ ಅದು ಎಲ್ಲರಿಗೂ ಗೊತ್ತಿರುತ್ತದೆ. ಐವತ್ತು ವರ್ಷ ಕಳೆದ ಮೇಲೆ ಅದೊಂದೇ ಬೇಕಾದ ವಿವರವಾಗುತ್ತದೆ.

ಹಾಗಾಗಿ ನಾವು ಮೊದಲು ಮಾಡಿದ ಕೆಲಸ ಓದುವುದಲ್ಲ, ನಕ್ಷೆ ಬರೆಯುವುದು. ಸಿಮೆಸ್ತ್ರಿಯ ನಡುವಿನ ಶಿಲುಬೆಯನ್ನು ಆಧಾರವಾಗಿಟ್ಟುಕೊಂಡು ಅದನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಸಾಲುಗಳಿಗೂ ಸಾಲಿನ ಪ್ರತಿ ಗುಂಡಿಗೂ ಸಂಖ್ಯೆ ಕೊಟ್ಟೆವು. ಕಲ್ಲಿಲ್ಲದ ಜಾಗಕ್ಕೂ ಸಂಖ್ಯೆ ಕೊಡಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಖಾಲಿ ಕಂಡದ್ದನ್ನು ಬಿಟ್ಟು ಎಣಿಸಿದರೆ, ಮುಂದಿನ ವರ್ಷ ಅಲ್ಲಿ ಹೊಸ ಕಲ್ಲು ಬಂದಾಗ ಇಡೀ ಸಾಲಿನ ಲೆಕ್ಕ ತಪ್ಪುತ್ತದೆ. ಮೊಬೈಲಿನಲ್ಲಿ ಜಿಪಿಎಸ್ ಇರುವಾಗ ನಕ್ಷೆ ಏಕೆ ಎಂದು ಯುವಕರು ಕೇಳುತ್ತಾರೆ. ಮೊಬೈಲಿನ ಜಿಪಿಎಸ್ ತೆರೆದ ಬಯಲಿನಲ್ಲಿಯೇ ಕೆಲವು ಮೀಟರು ಆಚೀಚೆ ತೋರಿಸುತ್ತದೆ, ಮರದ ಕೆಳಗೆ ಇನ್ನೂ ಹೆಚ್ಚು. ಸಮಾಧಿಯ ಅಗಲವೋ ಸುಮಾರು ಒಂದು ಮೀಟರು. ಸಿಮೆಸ್ತ್ರಿಗೆ ದಾರಿ ತೋರಿಸಲು ಅದು ಸಾಕು, ಸಾಲಿನಲ್ಲಿ ಎಷ್ಟನೆಯದೆಂದು ಹೇಳಲು ಸಾಲದು.

ಜಾಗವನ್ನು ಹೀಗೆ ಹಿಡಿದಿಟ್ಟ ಮೇಲೆ ನೆರೆಹೊರೆ ಮಾತನಾಡಲು ತೊಡಗುತ್ತದೆ. ಹಣ ಕೊಟ್ಟು ಕುಟುಂಬಕ್ಕೆಂದು ಪಡೆದುಕೊಂಡ ಶಾಶ್ವತ ಸಮಾಧಿಗಳಲ್ಲಿ ಅತ್ತೆ, ಸೊಸೆ, ಮದುವೆಯಾಗದೆ ಉಳಿದ ಅತ್ತಿಗೆ ಎಲ್ಲರೂ ಒಂದೇ ಗುಂಡಿಯಲ್ಲಿಯೋ ಪಕ್ಕದ ಗುಂಡಿಯಲ್ಲಿಯೋ ಇರುತ್ತಾರೆ. ಒಂದೇ ಹೆಸರಿನ ಮೂವರು ಪಿಂಟೊಗಳಲ್ಲಿ ಪತ್ರ ಬರೆದವರ ಮುತ್ತಜ್ಜ ಯಾರು ಎಂಬುದನ್ನು ಅನೇಕ ಸಲ ತೀರ್ಮಾನಿಸಿದ್ದು ಅವರ ಕಲ್ಲಲ್ಲ, ಪಕ್ಕದಲ್ಲಿರುವ ಹೆಂಡತಿಯ ಕಲ್ಲು. ಹೆಂಗಸರ ಕಲ್ಲಿನಲ್ಲಿ ಕೆಲವೊಮ್ಮೆ ತವರಿನ ಉಪನಾಮವೂ ಇರುವುದರಿಂದ ಮದುವೆಯ ಪುಸ್ತಕದಲ್ಲಿ ಆ ಜೋಡಿಯನ್ನು ಹುಡುಕುವುದು ಸುಲಭ. ವಂಶಾವಳಿ ಬರೆಯುವವರು ಗಂಡಸರ ಸಾಲನ್ನೇ ಹಿಡಿದು ಹೋಗುತ್ತಾರೆ. ನನ್ನನ್ನು ಕೇಳಿದರೆ ಹೆಂಗಸರ ಕಲ್ಲುಗಳಿಂದ ತೊಡಗುವುದು ಲೇಸು.

ಶಾಶ್ವತ ಸಮಾಧಿ ಎಲ್ಲರಿಗೂ ಇರಲಿಲ್ಲ. ಸಾಮಾನ್ಯ ಗುಂಡಿಗಳಲ್ಲಿ ಕೆಲವು ವರ್ಷಗಳ ಮೇಲೆ ಇನ್ನೊಬ್ಬರನ್ನು ಹೂಳುತ್ತಾರೆ. ಮೊದಲಿನವರ ಮರದ ಶಿಲುಬೆಯೋ ಸಿಮೆಂಟಿನ ಫಲಕವೋ ಆಗ ಅಲ್ಲಿಂದ ಏಳುತ್ತದೆ. ಕೆಲವು ಫಲಕಗಳನ್ನು ಮನೆಯವರು ಒಯ್ಯುತ್ತಾರೆ, ಕೆಲವು ಆವರಣದ ಗೋಡೆಗೆ ಒರಗಿ ನಿಲ್ಲುತ್ತವೆ, ಕೆಲವು ಕಾಲುದಾರಿಯ ಹಾಸುಗಲ್ಲುಗಳಾಗುತ್ತವೆ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಕಲ್ಲು ಮೂಲ ಜಾಗದಲ್ಲಿದೆಯೇ, ಸರಿಸಿದ್ದೇ ಎಂದು ಬರೆಯಲು ಒಂದು ಅಂಕಣವಿದೆ. ಗೋಡೆಗೆ ಒರಗಿಸಿದ ಕಲ್ಲಿನ ನೆರೆಹೊರೆಯಿಂದ ಯಾವ ಸಂಬಂಧವನ್ನೂ ಊಹಿಸಬಾರದು. ಮರಣ ಪುಸ್ತಕವನ್ನು ಕಲ್ಲುಗಳೊಡನೆ ಹೋಲಿಸಿದರೆ ಬಡವರ, ಮಕ್ಕಳ, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಸತ್ತವರ ನಮೂದುಗಳಿಗೆ ಕಲ್ಲುಗಳೇ ಸಿಗುವುದಿಲ್ಲ. ಬಾಪ್ತಿಸ್ಮವಾಗದೆ ತೀರಿಕೊಂಡ ಶಿಶುಗಳಿಗೆ 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ವಿಧಿಪೂರ್ವಕ ಸಂಸ್ಕಾರವೇ ಇರಲಿಲ್ಲ. 1983ರ ಸಂಹಿತೆಯು, ತಂದೆತಾಯಿಗೆ ಬಾಪ್ತಿಸ್ಮ ಮಾಡಿಸುವ ಉದ್ದೇಶವಿದ್ದಿದ್ದರೆ ಅಂಥ ಮಕ್ಕಳಿಗೂ ಬಿಷಪರ ಅನುಮತಿಯಿಂದ ಸಂಸ್ಕಾರಕ್ಕೆ ಅವಕಾಶ ಕೊಟ್ಟಿತು. ಕಲ್ಲಿಲ್ಲ ಎಂದರೆ ನಮ್ಮಲ್ಲಿ ಆ ವ್ಯಕ್ತಿ ಇರಲಿಲ್ಲ ಎಂಬ ಉತ್ತರವನ್ನು ಯಾರಿಗೂ ಬರೆಯುವುದಿಲ್ಲ.

ಇನ್ನು ಓದುವ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮುರಕಲ್ಲು (ಜಂಬಿಟ್ಟಿಗೆ) ಕಟ್ಟಡಕ್ಕೆ ಒಳ್ಳೆಯದು, ಅಕ್ಷರಕ್ಕಲ್ಲ. ಅದರ ಮೇಲಿನ ಗಾರೆಯಲ್ಲಿ ಬರೆದದ್ದು ಗಾರೆಯೊಡನೆ ಉದುರಿಹೋಗುತ್ತದೆ. ಬಿಳಿಯ ಅಮೃತಶಿಲೆ ನೋಡಲು ಚೆಂದ, ಆದರೆ ಮಳೆನೀರಿಗೆ ಅದರ ಮೇಲ್ಮೈ ಕರಗಿ ಅಕ್ಷರಗಳ ಅಂಚು ಸವೆಯುತ್ತದೆ. ಕಪ್ಪು ಗ್ರಾನೈಟ್ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಪಾಚಿ ಹಿಡಿದ ಕಲ್ಲನ್ನು ಕಂಡೊಡನೆ ತಂತಿಯ ಬ್ರಷ್ಷು, ಬ್ಲೀಚಿಂಗ್ ಪುಡಿ, ಆಸಿಡ್ ಎಂದು ಹೊರಡುವವರನ್ನು ತಡೆಯಬೇಕು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದೂ ಸಲ್ಲದು. ಗಟ್ಟಿಯಾಗಿರುವ ಕಲ್ಲಿಗೆ ನೀರು ಮತ್ತು ಮೆತ್ತನೆಯ ಬ್ರಷ್ಷು ಸಾಕು, ಪದರ ಏಳುತ್ತಿರುವ ಕಲ್ಲನ್ನು ಮುಟ್ಟದಿರುವುದೇ ಸರಿ. ಸವೆದ ಅಕ್ಷರಕ್ಕೆ ಬೇಕಾಗಿರುವುದು ಓರೆಯಾದ ಬೆಳಕು. ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲು ಪಕ್ಕದಿಂದ ಬೀಳುವಾಗ ನಡುಹಗಲಿನಲ್ಲಿ ಕಾಣದ ಸಾಲುಗಳು ನೆರಳಿನಿಂದ ಎದ್ದು ಬರುತ್ತವೆ. ಬಿಸಿಲು ತಲುಪದ ಕಡೆ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಓರೆಯಾಗಿ ತಿರುಗಿಸಿದರೆ ಇನ್ನೊಬ್ಬರು ಚಿತ್ರ ತೆಗೆಯಬಹುದು.

ಕಾಲದ ಆಯ್ಕೆಯೂ ಮುಖ್ಯ. ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುಂಚೆ ಹುಲ್ಲು ಕೊಯ್ದು ಸಮಾಧಿಗಳನ್ನು ಶುಚಿಗೊಳಿಸುತ್ತಾರೆ, ಸುಣ್ಣ ಬಳಿಯುತ್ತಾರೆ, ಮಾಸಿದ ಅಕ್ಷರಗಳಿಗೆ ಬಣ್ಣ ತುಂಬಿಸುತ್ತಾರೆ. ಹುಲ್ಲು ಕೊಯ್ದ ಮೇಲೆ, ಬಣ್ಣ ಬರುವುದಕ್ಕೆ ಮುಂಚೆ ಸಿಗುವ ಆ ಕೆಲವು ದಿನಗಳು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದವು. ಬಣ್ಣ ತುಂಬುವವರು ಕೆತ್ತಿದ್ದನ್ನು ನೋಡಿ ತುಂಬುವುದಿಲ್ಲ, ಕಂಡಂತೆ ತುಂಬುತ್ತಾರೆ. 1 ಎಂಬುದು 7 ಆಗಲು, 3 ಎಂಬುದು 8 ಆಗಲು ಕುಂಚದ ಒಂದು ಎಳೆತ ಸಾಕು. ಬಣ್ಣಕ್ಕೂ ಕೆತ್ತನೆಗೂ ವ್ಯತ್ಯಾಸ ಕಂಡಲ್ಲಿ ಎರಡನ್ನೂ ಬರೆದುಕೊಳ್ಳಬೇಕು.

ನಕಲು ಮಾಡುವ ನಿಯಮ ಸರಳ: ಇರುವುದನ್ನು ಇರುವ ಲಿಪಿಯಲ್ಲಿ, ಇರುವ ಸಾಲುಗಳಲ್ಲಿ, ತಪ್ಪು ಕಾಗುಣಿತದೊಡನೆಯೇ ಬರೆಯುವುದು. ನಮ್ಮ ಕಲ್ಲುಗಳಲ್ಲಿ ಇಂಗ್ಲಿಷ್ ಇದೆ, ಕನ್ನಡ ಲಿಪಿಯ ಕೊಂಕಣಿ ಇದೆ, ಹಳೆಯ ಧರ್ಮಗುರುಗಳ ಸಮಾಧಿಗಳ ಮೇಲೆ ಲ್ಯಾಟಿನ್ ಇದೆ. ಅಸ್ಪಷ್ಟ ಅಕ್ಷರವನ್ನು ಚೌಕ ಆವರಣದಲ್ಲಿಟ್ಟು, ಅಳಿದುಹೋದದ್ದಕ್ಕೆ ಗೆರೆ ಎಳೆಯುತ್ತೇವೆ. ನಮ್ಮ ಊಹೆಯ ಜಾಗ ಪಕ್ಕದ ಅಂಕಣ. ಕಲ್ಲಿನ ನಕಲಿನಲ್ಲಿ 4-7-1931 ಎಂಬುದು ಹಾಗೆಯೇ ಇರುತ್ತದೆ, ಆದರೆ ಉತ್ತರ ಬರೆಯುವಾಗ ತಿಂಗಳನ್ನು ಹೆಸರಿನಿಂದಲೇ ಬರೆಯುತ್ತೇವೆ, ಇಲ್ಲವಾದರೆ ಅಮೆರಿಕದಲ್ಲಿರುವ ಮೊಮ್ಮಗಳು ಅದನ್ನು ಏಪ್ರಿಲ್ 7 ಎಂದು ಓದಿಕೊಳ್ಳುತ್ತಾಳೆ.

ಕಲ್ಲು ಯಾವ ಕಾಲದ್ದು ಎಂಬುದನ್ನು ಹೆಚ್ಚಿನ ಪಟ್ಟಿಗಳು ಬರೆಯುವುದೇ ಇಲ್ಲ. ಗಲ್ಫಿನ ದುಡಿಮೆಯಿಂದ ಅನುಕೂಲ ಕಂಡ ಮನೆಗಳು ಹಳೆಯ ಸಿಮೆಂಟಿನ ಶಿಲುಬೆಯನ್ನು ತೆಗೆಸಿ, ಹೊಳೆಯುವ ಗ್ರಾನೈಟ್ ಹಾಕಿಸಿ, ಅದರ ಮೇಲೆ ಮುತ್ತಜ್ಜನಿಂದ ಹಿಡಿದು ಎಲ್ಲರ ಹೆಸರು, ಇಸವಿಗಳನ್ನು ಒಟ್ಟಿಗೆ ಕೆತ್ತಿಸುತ್ತವೆ. ಪ್ರೀತಿಯಿಂದ ಮಾಡಿದ ಕೆಲಸವೇ ಸರಿ. ಆದರೆ ಇತ್ತೀಚೆಗೆ ಕೆತ್ತಿದ ಕಲ್ಲು 1912ರ ಸಾವಿನ ಬಗ್ಗೆ ಹೇಳುವುದು ಮನೆಯವರ ನೆನಪನ್ನು ಮಾತ್ರ. ಒಂದೇ ಕೈಬರಹದಲ್ಲಿ, ಒಂದೇ ಸವೆತದಲ್ಲಿ ಹಲವು ದಶಕಗಳ ಸಾವುಗಳು ಇದ್ದರೆ ಕಲ್ಲು ಕೊನೆಯ ಸಾವಿನ ಅನಂತರದ್ದೆಂದು ತಿಳಿಯಬೇಕು. ಕಲ್ಲು ಬದಲಿಸುವುದಕ್ಕೆ ಮುಂಚೆ ಹಳೆಯದರ ಚಿತ್ರ ತೆಗೆಯಲು ಕಚೇರಿಗೆ ತಿಳಿಸಬೇಕೆಂದು ಅನುಮತಿ ಪತ್ರದಲ್ಲಿಯೇ ಒಂದು ಸಾಲು ಸೇರಿಸಿದ ಮೇಲೆ ನಮಗೆ ಬಹಳ ಅನುಕೂಲವಾಗಿದೆ.

ಮರಣ ಪುಸ್ತಕಕ್ಕೂ ಅದರದೇ ಗುಣದೋಷಗಳಿವೆ. ಸತ್ತವರ ಪುಸ್ತಕವನ್ನು ಹೇಗೆ ಬರೆಯಬೇಕೆಂಬ ಮಾದರಿಯನ್ನು 1614ರ ರೋಮನ್ ವಿಧಿಗ್ರಂಥ ಕೊಟ್ಟಿತು. ಇಂದಿಗೂ ಪ್ರತಿ ಧರ್ಮಕೇಂದ್ರವು ಬಾಪ್ತಿಸ್ಮ, ಮದುವೆ, ಮರಣಗಳ ಪುಸ್ತಕಗಳನ್ನು ಇಡಲೇಬೇಕು. ಕಲ್ಲಿಗೂ ಪುಸ್ತಕಕ್ಕೂ ಒಂದು ದಿನದ ವ್ಯತ್ಯಾಸವಿದ್ದರೆ ಗಾಬರಿ ಬೇಡ, ಒಂದರಲ್ಲಿ ಸಾವಿನ ದಿನ, ಇನ್ನೊಂದರಲ್ಲಿ ಸಂಸ್ಕಾರದ ದಿನ ಇರಬಹುದು. ಹಿರಿಯರ ವಯಸ್ಸು 60, 70, 80 ಎಂದು ದುಂಡಗೆ ಇದ್ದರೆ ಅದು ಹೇಳಿ ಬರೆಸಿದ ಅಂದಾಜು. ಆ ಲೆಕ್ಕದಿಂದ ಹುಟ್ಟಿದ ವರ್ಷವನ್ನು ಕಳೆದು ಬರೆದುಕೊಂಡವರು ಬಾಪ್ತಿಸ್ಮದ ಪುಸ್ತಕದಲ್ಲಿ ಹತ್ತು ವರ್ಷ ಹಿಂದೆ ಮುಂದೆ ಹುಡುಕಲು ಸಿದ್ಧರಿರಬೇಕು. ನಾನೂರು ವರ್ಷಗಳ ವಂಶಾವಳಿ ಬೇಕೆಂದು ಕೇಳುವವರಿಗೆ ಮಾತ್ರ ಬೇಸರದ ಸುದ್ದಿಯನ್ನೇ ಹೇಳಬೇಕಾಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳನ್ನು ಕೆಡವಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿ ಬಂದು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಅದಕ್ಕೆ ಹಿಂದಿನ ಕಲ್ಲಾಗಲಿ ಪುಸ್ತಕವಾಗಲಿ ನಮ್ಮ ಧರ್ಮಕೇಂದ್ರದಲ್ಲಿಲ್ಲ.

ಕಲ್ಲಿನಲ್ಲೂ ಪುಸ್ತಕದಲ್ಲೂ ಇಲ್ಲದ ಮನೆಯ ಹೆಸರುಗಳನ್ನು ತಂದುಕೊಟ್ಟವರು ವಾಡೊಗಳ ಹಿರಿಯ ಬಾಯಮ್ಮಂದಿರು ಮತ್ತು ನಮ್ಮ ಇಗರ್ಜಿಯ ಮಿರ್ನೊಮ್, ಅಂದರೆ ಇಗರ್ಜಿಯ ಸೇವಕ. ಹಿರಿಯರನ್ನು ಪ್ರಶ್ನೆಗಳ ಪಟ್ಟಿ ಹಿಡಿದು ಮನೆಯಲ್ಲಿ ಕೂರಿಸಿ ಕೇಳಿದರೆ ಹೆಚ್ಚೇನೂ ಬರುವುದಿಲ್ಲ. ಪೂಜೆ ಮುಗಿದ ಮೇಲೆ ಅವರೊಡನೆ ಸಾಲುಗಳ ನಡುವೆ ನಡೆದರೆ, ಇವರು ಇಂಥ ಮನೆಯವರು, ಇವರ ಮಗಳನ್ನು ಕೊಟ್ಟದ್ದು ಇಂಥ ಕಡೆಗೆ ಎಂದು ತಾವಾಗಿಯೇ ಹೇಳುತ್ತಾರೆ. ಬೇಡವಾದ ಮಾತುಗಳೂ ಬರುತ್ತವೆ: ಯಾರು ಯಾರೊಡನೆ ಜಗಳವಾಡಿ ಸಮಾಧಿಯಲ್ಲಿಯೂ ಜಾಗ ಬೇರೆ ಮಾಡಿಕೊಂಡರು, ಯಾವ ಸಾವನ್ನು ಹೇಗೆ ಮುಚ್ಚಿಟ್ಟರು ಎಂಬುದೆಲ್ಲ. ಅವನ್ನು ಬರೆದುಕೊಳ್ಳುವುದಿಲ್ಲ. ಹೇಳಿದವರ ಹೆಸರು, ಕೇಳಿದ ದಿನಾಂಕ ಮಾತ್ರ ಕಚೇರಿಯ ಪ್ರತಿಯಲ್ಲಿರುತ್ತವೆ. ಇತ್ತೀಚಿನ ಸಮಾಧಿಗಳ ಚಿತ್ರವನ್ನು ಮನೆಯವರ ಒಪ್ಪಿಗೆ ಇಲ್ಲದೆ ಯಾರಿಗೂ ಕಳುಹಿಸುವುದಿಲ್ಲ.

ಈಗ ನಾವು ಬರೆಯುವ ಉತ್ತರದಲ್ಲಿ ಮೂರು ಭಾಗಗಳಿರುತ್ತವೆ: ಕಲ್ಲು ಏನು ಹೇಳುತ್ತದೆ, ಪುಸ್ತಕ ಏನು ಹೇಳುತ್ತದೆ, ಊರಿನವರು ಏನು ಹೇಳಿದರು. ಮೂರೂ ಒಂದಾದರೆ ಹಾಗೆಂದು ಬರೆಯುತ್ತೇವೆ, ಆಗದಿದ್ದರೆ ಆ ಭಿನ್ನತೆಯನ್ನು ಹಾಗೆಯೇ ಬಿಟ್ಟು, ಒಂದೇ ಹೆಸರಿನ ಇತರ ಸಮಾಧಿಗಳ ಸಾಲು ಮತ್ತು ಸಂಖ್ಯೆಗಳನ್ನೂ ಕೊಡುತ್ತೇವೆ. ಹೊಸ ಸಂಸ್ಕಾರ ನಡೆದ ದಿನವೇ ಮಿರ್ನೊಮ್ ಗುಂಡಿಯ ಸಂಖ್ಯೆಯನ್ನೂ ಸತ್ತವರ ಮನೆಯ ಹೆಸರನ್ನೂ ಒಂದು ಬೇರೆ ಪುಸ್ತಕದಲ್ಲಿ ಬರೆದಿಡುತ್ತಾರೆ, ಏಕೆಂದರೆ ಮರಣ ಪುಸ್ತಕದ ಅಂಚಿನಲ್ಲಿ ಗೀಚುವುದಕ್ಕೆ ಧರ್ಮಗುರುಗಳ ಒಪ್ಪಿಗೆಯಿಲ್ಲ.